ಟಾಟಾ ಅವರು ದೂರದೇಶದಿಂದ ಬರೆದ ಕಾಗದ

ಬೆಂಗಳೂರಿನ ಮಲ್ಲೇಶ್ವರವನ್ನು ದಾಟಿ ಯಶವಂತಪುರದ ಕಡೆಗೆ ಹೊರಟವರಿಗೆ ಮರಗಳ ನೆರಳಿನಿಂದ ತುಂಬಿದ ವಿಶಾಲವಾದ ಆವರಣವೊಂದು ಎದುರಾಗುವುದು. ಅದರೊಳಗೆ ಗೋಪುರವನ್ನು ಹೊತ್ತ ಬೂದುಬಣ್ಣದ ಕಲ್ಲಿನ ಸೌಧವಿದೆ. ಭಾರತೀಯ ವಿಜ್ಞಾನ ಸಂಸ್ಥೆ ಎಂಬುದು ಅದರ ಹೆಸರಾದರೂ ಊರಿನ ಹಳಬರ ಬಾಯಲ್ಲಿ ಇಂದಿಗೂ ಅದು ಟಾಟಾ ಇನ್‌ಸ್ಟಿಟ್ಯೂಟ್. ಸೌಧದ ಮುಂದೆ ದಾನಿಗಳ ಪ್ರತಿಮೆಯು ನಿಂತಿದೆ. ಆದರೆ ಜಮಶೇಟ್‌ಜಿ ನುಸರವಾನ್‌ಜಿ ಟಾಟಾ ಅವರು ಈ ಸೌಧವನ್ನಾಗಲಿ, ಇದರ ಅಸ್ತಿವಾರವನ್ನಾಗಲಿ ಕಣ್ಣಿಂದ ಕಂಡವರಲ್ಲ. ಅವರನ್ನು ಅರಿಯಬೇಕಾದರೆ ಕಲ್ಲಿಗಿಂತ ಕಾಗದವೇ ಮೇಲೆಂದು ನನಗೆ ತೋರುತ್ತದೆ.

ಅವರು ದೊಡ್ಡ ಸಂಚಾರಿಗಳು. ಹತ್ತಿಯ ವ್ಯಾಪಾರದ ನಿಮಿತ್ತವಾಗಿ ಯೌವನದಲ್ಲಿಯೇ ಚೀನಾ, ಇಂಗ್ಲೆಂಡುಗಳನ್ನು ಕಂಡರು. ಅಮೆರಿಕೆಯ ಅಂತರ್ಯುದ್ಧವು 1865ರಲ್ಲಿ ಮುಗಿದು ಹತ್ತಿಯ ಬೆಲೆ ಕುಸಿದಾಗ ಅವರು ಇದ್ದದ್ದು ಲಂಡನ್ನಿನಲ್ಲಿ. ಕೈಯಲ್ಲಿದ್ದ ಹುಂಡಿಗಳು ಬರಿಯ ಕಾಗದವಾದುವು. ಸಾಲಗಾರರ ಎದುರಿಗೆ ತಲೆಮರೆಸಿಕೊಳ್ಳದೆ ನಿಂತು ಲೆಕ್ಕವನ್ನು ಒಪ್ಪಿಸಿದರೆಂಬುದು ಅವರ ಚರಿತ್ರೆಯಲ್ಲಿ ಮರೆಯಬಾರದ ಸಂಗತಿ.

1893ರ ಜುಲೈ ತಿಂಗಳಲ್ಲಿ ಜಪಾನಿನ ಯೊಕೊಹಾಮಾದಿಂದ ಕೆನಡಾದ ವ್ಯಾಂಕೂವರಿಗೆ ಹೊರಟ 'ಎಂಪ್ರೆಸ್ ಆಫ್ ಇಂಡಿಯಾ' ಎಂಬ ಹಡಗಿನಲ್ಲಿ ಅವರಿದ್ದರು. ಅದೇ ಹಡಗಿನಲ್ಲಿ ಮೂವತ್ತು ವರ್ಷದ ಸಂನ್ಯಾಸಿಯೊಬ್ಬರೂ ಇದ್ದರು. ಷಿಕಾಗೋ ಸರ್ವಧರ್ಮ ಸಮ್ಮೇಳನಕ್ಕೆ ಹೊರಟಿದ್ದ ಸ್ವಾಮಿ ವಿವೇಕಾನಂದರು. ಐವತ್ತನಾಲ್ಕರ ಕೋಟ್ಯಧೀಶರಿಗೂ ಕಾವಿಯುಟ್ಟ ಯುವಕರಿಗೂ ಸಮುದ್ರದ ಮಧ್ಯದಲ್ಲಿ ನಡೆದ ಮಾತು ವ್ಯರ್ಥವಾಗಲಿಲ್ಲ. ಐದು ವರ್ಷಗಳಾದಮೇಲೆ, 1898ರ ನವೆಂಬರ್ 23ರಂದು, ಟಾಟಾ ಅವರು ಬೊಂಬಾಯಿಯಿಂದ ಸ್ವಾಮಿಗಳಿಗೆ ಕಾಗದ ಬರೆದು, ತಾವು ಅವರ ಸಹಪ್ರಯಾಣಿಕರಾಗಿದ್ದುದನ್ನು ಜ್ಞಾಪಿಸಿದರು. ಈ ದೇಶದ ವೈರಾಗ್ಯಬುದ್ಧಿಯನ್ನು ನಾಶಮಾಡದೆ ವಿಜ್ಞಾನದ ಆರಾಧನೆಯ ಕಡೆಗೆ ತಿರುಗಿಸಬಾರದೇ, ಅದಕ್ಕೆ ತಾವು ಮುಂದಾಳಾಗಬಾರದೇ ಎಂಬುದು ಆ ಕಾಗದದ ತಾತ್ಪರ್ಯ. ವ್ಯಾಪಾರಿಯೊಬ್ಬನು ಸಂನ್ಯಾಸಿಯನ್ನು ಪ್ರಯೋಗಶಾಲೆಗೆ ಕರೆಯುವುದೆಂದರೆ ವಿಚಿತ್ರವೇ ಸರಿ!

ಜಪಾನಿನಲ್ಲಿ ಕಂಡ ಇನ್ನೊಂದು ವಿದ್ಯೆಯು ನಮ್ಮೂರಿಗೇ ಬಂತು. ಅಲ್ಲಿಯ ನಿಪುಣರನ್ನು ಕರೆಯಿಸಿ ಬೆಂಗಳೂರಿನಲ್ಲಿ ರೇಷ್ಮೆಯ ತೋಟವೊಂದನ್ನು ಅವರು ನಡೆಯಿಸಿದರು. ತೋಟವು ಹೋದರೂ ಬಸವನಗುಡಿಯ ಬಳಿ 'ಟಾಟಾ ಸಿಲ್ಕ್ ಫಾರಂ' ಎಂಬ ಹೆಸರು ಉಳಿದಿದೆ.

ವಿದ್ಯಾಪೀಠಕ್ಕಾಗಿ 30 ಲಕ್ಷ ರೂಪಾಯಿ ಬೆಲೆಯ ಆಸ್ತಿಯನ್ನು ಕೊಡುವೆನೆಂದು ಅವರು ಮುಂದೆ ಬಂದಾಗ, ಸರ್ಕಾರದವರು ಮೊದಲು ಕೇಳಿದ್ದು, ಇಷ್ಟು ದೊಡ್ಡ ವಿದ್ಯೆಗೆ ವಿದ್ಯಾರ್ಥಿಗಳೆಲ್ಲಿ, ಕಲಿತವರಿಗೆ ಉದ್ಯೋಗವೆಲ್ಲಿ ಎಂದು. ವೈಸರಾಯ್ ಕರ್ಜನ್ ಪ್ರಭುಗಳಿಗೆ 1898ರ ಡಿಸೆಂಬರ್ ಕೊನೆಯ ದಿನ ಬಿನ್ನವತ್ತಳೆ ಸಲ್ಲಿತು. ಆಮೇಲೆ ಸಮಿತಿ, ವರದಿ, ಮತ್ತೆ ಸಮಿತಿ. ವರ್ಷಗಳು ಹೀಗೆಯೇ ಸವೆದುವು.

ಈ ಕಾಯುವಿಕೆಯ ನಡುವೆ, 1902ರಲ್ಲಿ, ಅರುವತ್ತಮೂರರ ವಯಸ್ಸಿನಲ್ಲಿ, ಉಕ್ಕಿನ ಕಾರ್ಖಾನೆಗಾಗಿ ಅವರು ಅಮೆರಿಕೆಗೆ ಹೋದರು. ನ್ಯೂಯಾರ್ಕಿನಲ್ಲಿ ಚಾರ್ಲ್ಸ್ ಪೇಜ್ ಪೆರಿನ್ ಎಂಬ ಇಂಜಿನಿಯರರ ಕಚೇರಿಗೆ ಪರದೇಶದ ಉಡುಪಿನ ಈ ಅಪರಿಚಿತರು ಹೇಳದೆ ಕೇಳದೆ ನುಗ್ಗಿ, ಇಂಡಿಯಾಕ್ಕೆ ಬರುವಿರಾ ಎಂದು ಕೇಳಿದರಂತೆ. ಆ ವರ್ಷವೇ ಪರದೇಶದಿಂದ ಹಿರಿಯ ಮಗ ದೊರಾಬ್‌ಜಿಗೆ ಅವರು ಬರೆದ ಕಾಗದವೊಂದಿದೆ. ಕಾರ್ಖಾನೆಯ ಜಾಗವೇ ಇನ್ನೂ ಗೊತ್ತಾಗಿರಲಿಲ್ಲ. ಸಾಕ್ಚಿಯೆಂಬ ಹಳ್ಳಿಯನ್ನು ಆರಿಸಿದ್ದು ಐದು ವರ್ಷಗಳ ತರುವಾಯ. ಆದರೂ ಕಾಗದದಲ್ಲಿ ಕಬ್ಬಿಣದ ಮಾತಿಲ್ಲ, ಲಾಭದ ಮಾತಿಲ್ಲ. ಕೂಲಿಯವರು ವಾಸಿಸುವ ಊರಿನ ಮಾತಿದೆ. ಬೀದಿಗಳು ಅಗಲವಾಗಿರಲಿ, ಹುಲ್ಲುಹಾಸಿಗೂ ತೋಟಕ್ಕೂ ಬೇಕಾದಷ್ಟು ಸ್ಥಳವಿರಲಿ, ಕಾಲ್ಚೆಂಡು ಹಾಕಿಗಳಿಗೆ ಬಯಲು ಬಿಡು, ದೇವಸ್ಥಾನ ಮಸೀದಿ ಇಗರ್ಜಿಗಳಿಗೆ ಜಾಗವನ್ನು ಗುರುತಿಸು, ಎಂದು ಮನೆಯ ಯಜಮಾನನು ಹೊಸ ಮನೆಗೆ ಅಪ್ಪಣೆ ಕೊಡುವಂತೆ ಬರೆದಿದ್ದಾರೆ. ಬೀದಿಯ ಮಗ್ಗುಲಲ್ಲಿ ನೆರಳಿನ ಮರಗಳನ್ನು ನೆಡುವಾಗ ಒಂದು ಬಿಟ್ಟು ಒಂದು ಬೇಗ ಬೆಳೆಯುವ ಜಾತಿಯದಾಗಿರಲಿ ಎಂದೂ ಹೇಳಿದ್ದಾರೆ. ಮರ ನೆಟ್ಟವರಿಗೆ ಈ ಮಾತಿನ ಅರ್ಥ ತಿಳಿಯದಿರದು: ನಿಧಾನದ ಮರವು ದೊಡ್ಡದಾಗುವವರೆಗೆ ಕೂಲಿಯವನ ತಲೆಯ ಮೇಲೆ ಬಿಸಿಲು ಬೀಳಬಾರದು. ಇಷ್ಟು ಸಣ್ಣ ವಿಷಯವನ್ನು ಸಮುದ್ರದಾಚೆಯಿಂದ ಯೋಚಿಸಿದ ಶ್ರೀಮಂತರು ಎಷ್ಟು ಮಂದಿಯೋ ನಾನರಿಯೆ.

1904ರ ಮೇ 19ರಂದು ಜರ್ಮನಿಯ ಬಾಡ್ ನೌಹೈಮಿನಲ್ಲಿ ಅವರು ತೀರಿಕೊಂಡರು. ದೇಹವು ಇಂಗ್ಲೆಂಡಿನ ಬ್ರೂಕ್‌ವುಡ್ ಸ್ಮಶಾನದಲ್ಲಿದೆ. ಆಗ ಉಕ್ಕೂ ಇರಲಿಲ್ಲ, ವಿದ್ಯಾಪೀಠವೂ ಇರಲಿಲ್ಲ. ಮಕ್ಕಳಾದ ದೊರಾಬ್‌ಜಿ, ರತನ್‌ಜಿಯವರು ತಂದೆಯ ಮಾತನ್ನು ಉಳಿಸಿದರು. ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನೂ, ಕಟ್ಟಡಕ್ಕೆ 5 ಲಕ್ಷವನ್ನೂ, ವರ್ಷಕ್ಕೆ 50,000 ರೂಪಾಯಿಗಳನ್ನೂ ಕೊಡಲು ಒಪ್ಪಿತು. 1909ರಲ್ಲಿ ಸಂಸ್ಥೆಗೆ ಸರ್ಕಾರದ ಮಂಜೂರಾತಿ ದೊರೆಯಿತು. 1911ರಲ್ಲಿ ಕೃಷ್ಣರಾಜ ಒಡೆಯರವರು ಶಂಕುಸ್ಥಾಪನೆ ಮಾಡಿದರು. ಅದೇ ವರ್ಷ ಮೊದಲ ವಿದ್ಯಾರ್ಥಿಗಳು ಒಳಗೆ ಬಂದರು. ಸಾಕ್ಚಿಯಲ್ಲಿ ಮೊದಲ ಉಕ್ಕು 1912ರಲ್ಲಿ ಹೊರಬಿತ್ತು. 1919ರಲ್ಲಿ ಆ ಊರು ಜಮ್ಷೆಡ್‌ಪುರವಾಯಿತು. ಕಾಗದದಲ್ಲಿದ್ದ ಬೀದಿಗಳಲ್ಲಿ ಮರಗಳು ಅಷ್ಟರಲ್ಲಿ ನೆರಳು ಕೊಡತೊಡಗಿದ್ದುವು.