ಇದ್ದಿಲು ಗಾಡಿಗೊಂದು ಕಾಗದ

ಕೋಟೆ, ಶಿವಮೊಗ್ಗ

ಇದ್ದಿಲು ಗಾಡಿಗೆ,

ವಯಸ್ಸು ನೋಡಿದರೆ ನಿನ್ನನ್ನು ತೀರ್ಥರೂಪ ಸಮಾನ ಎಂದು ಕರೆದು, ಸಾಷ್ಟಾಂಗ ನಮಸ್ಕಾರ ಸಲ್ಲಿಸಿ ಶುರು ಮಾಡಬೇಕಿತ್ತು. 1923ರ ಜನವರಿಯಲ್ಲಿ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ ಕುಲುಮೆ ಹೊತ್ತಿಸಿದಾಗ ನೀನು ಆಗಲೇ ಹಳಿಯ ಮೇಲಿದ್ದೆ. ಆದರೆ ಗಾಡಿಗೆ ಬಹುವಚನ ಹಚ್ಚಿದರೆ ನಮ್ಮ ಕಡೆ ಜನ ನಗುತ್ತಾರೆ. ನೀನು ಎಂದೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಭದ್ರಾವತಿಗೆ ಸೇರಿದ ನಿನಗೆ ಕೋಟೆಯವನು ಯಾಕೆ ಬರೆಯಬೇಕು ಅನ್ನುವೆಯೇನೋ. ನಮ್ಮ ಶಿವಪ್ಪನಾಯಕನ ಅರಮನೆಯ ಆವರಣದಲ್ಲಿ ವಸ್ತುಸಂಗ್ರಹಾಲಯವಿದೆ. ಸುತ್ತಲ ಊರುಗಳಿಂದ ತಂದ ವೀರಗಲ್ಲು, ಮಾಸ್ತಿಕಲ್ಲುಗಳನ್ನು ಅಲ್ಲಿ ನಿಲ್ಲಿಸಿದ್ದಾರೆ. ದನ ಬಿಡಿಸಲು ಹೋಗಿ ಸತ್ತವನಿಗೂ ನಮ್ಮ ಸೀಮೆಯವರು ಕಲ್ಲು ಹಾಕಿಸಿದ್ದಾರೆ. ಭದ್ರಾವತಿಯ ಕಾರ್ಖಾನೆಯ ವಿಷಯಕ್ಕೆ ಬಂದರೆ ವಿಶ್ವೇಶ್ವರಯ್ಯನವರ ಪ್ರತಿಮೆ ಇದೆ, ಅವರ ಹೆಸರಿದೆ, ನಾಲ್ವಡಿ ಕೃಷ್ಣರಾಜ ಒಡೆಯರ ಪಟವಿದೆ. ಕಾಡಿನ ಸೌದೆ ಕಬ್ಬಿಣವಾಗಿ ಹೊರಬರುವ ತನಕ ನಡುವಿನ ಅಷ್ಟೂ ದಾರಿಯಲ್ಲಿ ಉರುಳಿದ ನಿನ್ನನ್ನು ಮಾತ್ರ ಯಾರೂ ನೆನೆಯುವುದಿಲ್ಲ. ಅದಕ್ಕೇ ಈ ಕಾಗದ.

ನಿನ್ನ ಹುಟ್ಟಿಗೆ ಕಾರಣ ಒಂದು ಕೊರತೆ. ಮೈಸೂರು ಸಂಸ್ಥಾನದಲ್ಲಿ ಅದಿರಿತ್ತು. ಬಾಬಾಬುಡನ್ ಗಿರಿಯ ಕೆಮ್ಮಣ್ಣುಗುಂಡಿಯಲ್ಲಿ ಬೆಟ್ಟ ಕೆದಕಿದರೆ ಅದಿರು. ಸುಣ್ಣಕಲ್ಲು ಭಂಡಿಗುಡ್ಡದಲ್ಲಿತ್ತು. ನೀರಿಗೆ ಭದ್ರೆ ಇದ್ದಳು. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲೇ ರೈಲು ಬಂದಿತ್ತು. ಇಲ್ಲದ್ದು ಕಲ್ಲಿದ್ದಲು ಒಂದೇ. ಟಾಟಾದವರ ಸಾಕ್ಚಿಯ ಉಕ್ಕಿನ ಕಾರ್ಖಾನೆಗೆ ಝರಿಯಾದ ಗಣಿಗಳು ಮಗ್ಗುಲಲ್ಲಿದ್ದವು. ಅಲ್ಲಿಂದ ಭದ್ರಾವತಿಗೆ ಅರ್ಧ ದೇಶ ದಾಟಿ ಕೋಕ್ ತರಿಸಿದರೆ ಕಬ್ಬಿಣಕ್ಕಿಂತ ಬಾಡಿಗೆಯೇ ಹೆಚ್ಚಾಗುತ್ತಿತ್ತು. ಟಾಟಾದವರಿಗೂ ಸಲಹೆಗಾರನಾಗಿದ್ದ ಅಮೆರಿಕದ ಎಂಜಿನಿಯರ್ ಸಿ. ಪಿ. ಪೆರಿನ್ ಇಲ್ಲಿಗೂ ಬಂದು ಲೆಕ್ಕ ಹಾಕಿದ. ಮಲೆನಾಡಿನ ಕಾಡನ್ನೇ ಇದ್ದಿಲು ಮಾಡಿ ಉರಿಸುವುದು ಎಂದು ತೀರ್ಮಾನವಾಯಿತು.

ಆ ಲೆಕ್ಕದ ಒಂದು ತುದಿ ನಿನ್ನ ಬೆನ್ನ ಮೇಲೆ ಬಿತ್ತು. ಒಂದು ಟನ್ ಬೀಡುಕಬ್ಬಿಣಕ್ಕೆ ಹೆಚ್ಚುಕಡಿಮೆ ಒಂದು ಟನ್ ಇದ್ದಿಲು ಬೇಕು. ಒಂದು ಟನ್ ಇದ್ದಿಲಿಗೆ ಮೂರು ನಾಲ್ಕು ಟನ್ ಒಣಸೌದೆ. ಇದು ತೂಕದ ಮಾತಾಯಿತು. ಇದ್ದಿಲಿನ ನಿಜವಾದ ತಾಪತ್ರಯ ಗಾತ್ರದ್ದು. ಒಂದು ಘನಮೀಟರ್ ಜಾಗದಲ್ಲಿ ಕಲ್ಲಿದ್ದಲಾದರೆ ಎಂಟುನೂರು ಕಿಲೋದಷ್ಟು ಹಿಡಿಯುತ್ತದೆ, ಇದ್ದಿಲಾದರೆ ಇನ್ನೂರರಿಂದ ಇನ್ನೂರೈವತ್ತು. ಬೇರೆ ಊರಿನ ಗಾಡಿ ಒಂದು ಸಲಕ್ಕೆ ಸಾಗಿಸುವುದನ್ನು ನೀನು ಮೂರು ನಾಲ್ಕು ಸಲ ತಿರುಗಿ ಸಾಗಿಸಬೇಕು. ತುಂಬಿ ತುಳುಕುತ್ತಿದ್ದರೂ ತಕ್ಕಡಿಗೆ ಹಗುರ! ನೋಡಿದವರಿಗೆ ನೀನು ಸೋಮಾರಿಯಂತೆ ಕಂಡಿದ್ದರೆ ಅದಕ್ಕೆ ಇದೇ ಕಾರಣ.

ಕಾಡಿನ ಎರಡಡಿ ಅಗಲದ ಟ್ರಾಮ್ ಹಳಿಗಳ ಮೇಲೆ ಬಂದ ಸೌದೆಯನ್ನು ಮೊದಲು ತಿಂಗಳುಗಟ್ಟಲೆ ಒಣಗಿಸಬೇಕು. ಆಮೇಲಿನದು ಸೌದೆಯನ್ನು ಬಟ್ಟಿ ಇಳಿಸುವ ಕೆಲಸ. ನಮ್ಮ ಹಳ್ಳಿಗಳಲ್ಲಿ ಸೌದೆ ಒಟ್ಟಿ, ಮೇಲೆ ಸೊಪ್ಪು ಮಣ್ಣು ಮುಚ್ಚಿ, ಸಣ್ಣ ಕಿಂಡಿಯಲ್ಲಿ ಉರಿ ಇಟ್ಟು ಇದ್ದಿಲು ಸುಡುತ್ತಾರಲ್ಲ, ಅಲ್ಲಿ ಹೊಗೆಯೆಲ್ಲ ಆಕಾಶದ ಪಾಲು. ಭದ್ರಾವತಿಯಲ್ಲಿ ಹೊಗೆಯನ್ನೂ ಬಿಡಲಿಲ್ಲ. ಅಮೆರಿಕದಲ್ಲಿ ಆಗ ರೂಢಿಯಲ್ಲಿದ್ದ ಕ್ರಮ ಅದು: ಸೌದೆ ತುಂಬಿದ ಉಕ್ಕಿನ ಗಾಡಿಯನ್ನು ಗಾಡಿಯ ಸಮೇತ ಉದ್ದನೆಯ ಒಲೆಯೊಳಕ್ಕೆ ತಳ್ಳಿ, ಬಾಗಿಲು ಬಿಗಿದು, ಹೊರಗಿನಿಂದ ಕಾಯಿಸುವುದು. ಒಳಗೆ ಗಾಳಿ ಇಲ್ಲ, ಆದ್ದರಿಂದ ಸೌದೆ ಉರಿಯುವುದಿಲ್ಲ, ಬೇಯುತ್ತದೆ. ಬರುವ ಹಬೆಯನ್ನು ಕೊಳವೆಯಲ್ಲಿ ಎಳೆದು ತಣಿಸಿದರೆ ಟಾರು, ಮರದ ಮದ್ಯಸಾರ, ಸುಣ್ಣ ಸೇರಿಸಿದರೆ ಅಸಿಟೇಟ್. ತಣಿಯದೆ ಉಳಿದ ಅನಿಲ ಮತ್ತೆ ಒಲೆಗೇ ಉರುವಲು. ಸುಮಾರು ಒಂದು ದಿನ ಬೆಂದ ಮೇಲೆ ಬಾಗಿಲು ತೆಗೆದರೆ ಗಾಡಿಯ ತುಂಬ ಕೆಂಡ. ಹೊರಗಿನ ಗಾಳಿ ಸೋಕಿದರೆ ಭಗ್ಗೆಂದು ಹತ್ತಿಕೊಂಡು ಬೂದಿಯಾಗುತ್ತದೆ. ಹಾಗಾಗಿ ಒಂದು ಗಳಿಗೆಯೂ ತಡಮಾಡದೆ ಎದುರಿನ ತಣಿಸುವ ಕೋಣೆಗೆ ಎಳೆದು, ಬಾಗಿಲ ಸಂದುಗಳನ್ನು ಮೆತ್ತಿ, ಇನ್ನೆರಡು ದಿನ ಹಾಗೇ ಬಿಡುವುದು.

ಸರಕಿನ ಜೊತೆಗೆ ತಾನೂ ಬೇಯುವ ಗಾಡಿ ಬೇರೆ ಯಾವ ಕಸುಬಿನಲ್ಲಿದೆ ಹೇಳು. ಕಬ್ಬಿನ ಗಾಡಿ ಕಬ್ಬು ಇಳಿಸಿ ಹೊರಗೆ ನಿಲ್ಲುತ್ತದೆ, ಭತ್ತದ ಗಾಡಿ ಮಿಲ್ಲಿನ ಬಾಗಿಲ ತನಕ. ನೀನು ಸೌದೆ ಹೊತ್ತು ಒಳಗೆ ಹೋಗಿ ಇದ್ದಿಲು ಹೊತ್ತು ಆಚೆ ಬಂದೆ. ತಾಪಕ್ಕೆ ನಿನ್ನ ಕಂಬಿಗಳು ಸೊಟ್ಟಗಾಗಿರಬೇಕು. ಉಕ್ಕು ಎಷ್ಟು ದಿನ ತಾನೇ ಸಹಿಸೀತು?

ಈಗ ನಿನ್ನ ದೂರದ ಬಂಧುಗಳ ಸುದ್ದಿ ಹೇಳಬೇಕು. ಗಾಡಿಯನ್ನು ಎತ್ತಿ, ಇಳಿಸಿ, ಬೋರಲು ಹಾಕಿ ಕಲ್ಲಿದ್ದಲು ಖಾಲಿ ಮಾಡುವ ಯಂತ್ರಗಳ ಕತೆಯನ್ನು ಓದಿದರೆ ಅದು ಬಲದ ಕತೆ, ವೇಗದ ಕತೆ ಎಂದು ಮೊದಲಿಗೆ ಅನ್ನಿಸುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಇಂಗ್ಲೆಂಡಿನ ಟೈನ್ ನದಿಯ ದಂಡೆಯಲ್ಲಿ ಗಣಿಯ ಗಾಡಿಗಳು ಎತ್ತರದ ಕಟ್ಟೆಯ ಮೇಲೆ ಬಂದು ನಿಲ್ಲುತ್ತಿದ್ದವು, ಹಡಗು ಕೆಳಗೆ. ಜಾರುಕೊಳವೆಯಲ್ಲಿ ಸುರಿದರೆ ಕಲ್ಲಿದ್ದಲು ಬಿದ್ದು ಚೂರಾಗುತ್ತಿತ್ತು. ಲಂಡನ್ನಿನ ಮನೆಯೊಲೆಗಳಿಗೆ ದೊಡ್ಡ ಗಟ್ಟಿ ಬೇಕು, ಚೂರಿಗೆ ಬೆಲೆಯಿಲ್ಲ. ವಿಲಿಯಂ ಚಾಪ್ಮನ್ ಎಂಬ ಎಂಜಿನಿಯರ್ 1807ರಲ್ಲಿ ಪೇಟೆಂಟ್ ಪಡೆದ ಉಪಾಯ ಇದಕ್ಕೇ ಹುಟ್ಟಿದ್ದು. ತುಂಬಿದ ಗಾಡಿಯನ್ನೇ ಇಡಿಯಾಗಿ ಒಂದು ತೊಟ್ಟಿಲ ಮೇಲೆ ನಿಲ್ಲಿಸಿ ಹಡಗಿನ ಅಟ್ಟದ ತನಕ ಮೆಲ್ಲಗೆ ಇಳಿಸುವುದು, ಅಲ್ಲಿ ತಳದ ಬಾಗಿಲು ತೆಗೆಯುವುದು. ಗಾಡಿ ಇಳಿಯುವಾಗ ಇನ್ನೊಂದು ಕಡೆ ಭಾರದ ಗುಂಡು ಮೇಲೇರುತ್ತದೆ. ಗಾಡಿ ಖಾಲಿಯಾದ ಕೂಡಲೇ ಗುಂಡು ಕೆಳಗಿಳಿದು ಗಾಡಿಯನ್ನು ಮೇಲಕ್ಕೆಳೆಯುತ್ತದೆ. ಉಗಿಯಂತ್ರವೂ ಬೇಡ, ಕುದುರೆಯೂ ಬೇಡ. ನಮ್ಮ ಏತದ ನೀರು ಹೊಯ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

(ಬೇಡವಾದವರು ಇನ್ನೂ ಇದ್ದರು. ಅಲ್ಲಿಯ ತನಕ ದಂಡೆಯಿಂದ ಹಡಗಿಗೆ ಕಲ್ಲಿದ್ದಲು ಒಯ್ಯುತ್ತಿದ್ದ ದೋಣಿಯ ಅಂಬಿಗರ ಅನ್ನ ಹೋಯಿತು. 1822ರಲ್ಲಿ ಅವರು ದೊಡ್ಡ ಮುಷ್ಕರವನ್ನೇ ಹೂಡಿದರು. ಕಲ್ಲಿದ್ದಲು ಒಡೆಯದಂತೆ ಅಷ್ಟು ಜತನ ಮಾಡಿದವರಿಗೆ ಅಂಬಿಗರ ಮನೆ ಒಡೆಯುವುದು ಕಾಣಲಿಲ್ಲ.)

ಆಮೇಲೆ 1846ರಲ್ಲಿ ವಿಲಿಯಂ ಆರ್ಮ್‌ಸ್ಟ್ರಾಂಗ್ ನ್ಯೂಕ್ಯಾಸಲ್ಲಿನ ದಂಡೆಯಲ್ಲಿ ನೀರಿನ ಒತ್ತಡದಿಂದ ನಡೆಯುವ ಕ್ರೇನು ನಿಲ್ಲಿಸಿದ. ವೇಲ್ಸಿನ ಬಂದರುಗಳಲ್ಲಿ ಅದೇ ಒತ್ತಡದಿಂದ ಗಾಡಿಯನ್ನು ಮೇಲೆತ್ತಿ ಒಂದು ತುದಿ ವಾಲಿಸಿ ಸುರಿಯುವ ಯಂತ್ರಗಳು ಬಂದವು. ಕಾರ್ಡಿಫ್‌ನ ಲೂಯಿಸ್–ಹಂಟರ್ ಕ್ರೇನು ಇನ್ನೂ ಒಂದು ಹೆಜ್ಜೆ ಮುಂದೆ: ಕಲ್ಲಿದ್ದಲನ್ನು ಡಬ್ಬಿಯಲ್ಲಿ ತುಂಬಿ ಹಡಗಿನ ಹೊಟ್ಟೆಯ ತಳಕ್ಕೇ ಇಳಿಸಿ ಅಲ್ಲಿ ಬಿಡುವುದು. 1890ರ ದಶಕದಲ್ಲಿ ಅಮೆರಿಕದ ಈರಿ ಸರೋವರದ ದಂಡೆಯವರು ಮಾತ್ರ ಸೈರಣೆ ಬಿಟ್ಟರು. ರೈಲಿನ ಗಾಡಿಯನ್ನು ಹಳಿಯ ಸಮೇತ ಹಿಡಿದು, ಮೇಲೆತ್ತಿ, ಪೂರ್ತಿ ತಲೆಕೆಳಗು ಮಾಡುವ ದೈತ್ಯರನ್ನು ಕಟ್ಟಿದರು. ಅಲ್ಲಿಯೂ ಹಡಗಿನೊಳಗೆ ಇಳಿಬಿಡಲು ಉದ್ದ ಗಿಡ್ಡ ಮಾಡಬಹುದಾದ ಕೊಳವೆ ಇತ್ತು. ಪುಡಿಯ ಭಯ ಅವರನ್ನೂ ಬಿಟ್ಟಿರಲಿಲ್ಲ.

ಇದ್ದಿಲಿನ ಪಕ್ಕದಲ್ಲಿ ಇಟ್ಟು ನೋಡಿದರೆ ಕಲ್ಲಿದ್ದಲು ಬಂಡೆ. ಇದ್ದಿಲು ತುಂಬುವಾಗ ಸವೆಯುತ್ತದೆ, ಗಾಡಿ ಕುಲುಕಿದಾಗ ಉದುರುತ್ತದೆ, ಸುರಿದಾಗ ಒಡೆಯುತ್ತದೆ. ಪ್ರತಿ ಸಲ ಕೈ ಬದಲಾದಾಗಲೂ ಹಪ್ಪಳದ ಡಬ್ಬಿಯ ತಳದಲ್ಲಿ ಉಳಿಯುವಂತೆ ಒಂದಿಷ್ಟು ಪುಡಿ. ಆ ಪುಡಿಯನ್ನು ಊದುಕುಲುಮೆಗೆ ಹಾಕುವಂತಿಲ್ಲ. ಕುಲುಮೆಯಲ್ಲಿ ಕೆಳಗಿನಿಂದ ಊದಿದ ಬಿಸಿಗಾಳಿ ಇದ್ದಿಲು, ಅದಿರುಗಳ ಸಂದಿನಲ್ಲಿ ನುಸುಳಿ ಮೇಲೆ ಬರಬೇಕು. ಪುಡಿ ತುಂಬಿದರೆ ಉಸಿರು ಕಟ್ಟುತ್ತದೆ. ಇದ್ದಿಲಿನ ಕುಲುಮೆಗಳನ್ನು ಕೋಕಿನ ಕುಲುಮೆಗಳಷ್ಟು ಎತ್ತರ ಕಟ್ಟದಿರುವುದಕ್ಕೂ ಇದೇ ಕಾರಣ. ಮೇಲಿನ ಭಾರಕ್ಕೆ ಕೆಳಗಿನ ಇದ್ದಿಲು ಜಜ್ಜಿಹೋಗುತ್ತದೆ. ಇನ್ನು ಈರಿ ಸರೋವರದ ಆ ದೈತ್ಯನ ಕೈಗೆ ನಿನ್ನನ್ನು ಕೊಟ್ಟಿದ್ದರೆ? ಮಸಿಯ ಮೋಡವೆದ್ದು ಭದ್ರಾವತಿಯ ನ್ಯೂಟೌನಿನವರೆಗೂ ಬಟ್ಟೆ ಒಣಹಾಕುವಂತಿರಲಿಲ್ಲ.

ಹಾಗಾಗಿ ನನ್ನ ತೀರ್ಪು ಇದು: ಜಗತ್ತಿನ ಬಂದರುಗಳು ನೂರು ವರ್ಷ ತಲೆಕೆಡಿಸಿಕೊಂಡ ಪ್ರಶ್ನೆಗೆ ನೀನು ಬೇರೆ ಮಗ್ಗುಲಿನಿಂದ ಉತ್ತರ ಹೇಳಿದೆ. ಅವರು ಹೇಗೆ ಸುರಿಯಬೇಕೆಂದು ಯೋಚಿಸಿದರು. ನಿನ್ನನ್ನು ಕಟ್ಟಿದವರು ಎಷ್ಟು ಸಲ ಸುರಿಯುವುದನ್ನು ತಪ್ಪಿಸಬಹುದು ಎಂದು ಯೋಚಿಸಿದರು. ಸೌದೆ ಪೇರಿಸಿದ ಮೇಲೆ ಒಲೆಗೆ ಸುರಿಯುವುದಿಲ್ಲ, ಒಲೆಯಿಂದ ತೋಡುವುದಿಲ್ಲ, ತಣಿಸುವ ಕೋಣೆಗೆ ತುಂಬುವುದಿಲ್ಲ. ಎಲ್ಲ ಕಡೆಗೂ ಗಾಡಿಯೇ ನಡೆದು ಹೋಗುತ್ತದೆ. ಬಲವಿಲ್ಲದ ಸರಕಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವುದು?

ಕುಲುಮೆಯ ನೆತ್ತಿಗೆ ಏರುವಾಗ ಸುರಿಯದೆ ಗತಿಯಿಲ್ಲ, ಅದು ಬೇರೆ. ಹಿಂದೆಲ್ಲ ಜನರೇ ನೆತ್ತಿಯ ಮೇಲೆ ನಿಂತು ಕೈಗಾಡಿಗಳಿಂದ ಅದಿರು, ಉರುವಲು ಸುರಿಯುತ್ತಿದ್ದರು. ಕುಲುಮೆಯ ವಿಷಾನಿಲ ಕುಡಿದು ಅಲ್ಲೇ ಕುಸಿಯುತ್ತಿದ್ದರು. 1896ರಲ್ಲಿ ಕಾರ್ನೆಗಿಯ ಡ್ಯೂಕೇನ್ ಕಾರ್ಖಾನೆಯಲ್ಲಿ ಇಳಿಜಾರು ಹಳಿಯ ಮೇಲೆ ತಾನೇ ಏರಿ ತಾನೇ ಮಗುಚುವ ಗಾಡಿ ಬಂತು. ಅಲ್ಲಿಂದ ಅದು ಜಗತ್ತಿಗೆಲ್ಲ ಹಬ್ಬಿತು. ಅದರ ಚಮತ್ಕಾರ ಚಕ್ರದಲ್ಲಿದೆ. ಹಿಂದಿನ ಚಕ್ರಗಳಿಗೆ ಅಗಲ ಹೆಚ್ಚು. ತುದಿಗೆ ಬಂದಾಗ ಮುಂದಿನ ಚಕ್ರಗಳು ಒಳಗಿನ ಹಳಿ ಹಿಡಿದು ಮಟ್ಟಸಕ್ಕೆ ಬಾಗುತ್ತವೆ, ಹಿಂದಿನವು ಹೊರಗಿನ ಇನ್ನೊಂದು ಹಳಿಯನ್ನು ಹಿಡಿದು ಮೇಲೇರುತ್ತವೆ. ಹಿಂಭಾಗ ಎದ್ದು ಗಾಡಿ ಮೂಗಿನ ಮೇಲೆ ವಾಲುತ್ತದೆ. ಕೊಕ್ಕೆಯಿಲ್ಲ, ಕೈಯಿಲ್ಲ. ಕೆಮ್ಮಣ್ಣುಗುಂಡಿಯಿಂದ ತಣಿಗೆಬೈಲಿಗೆ ಹಗ್ಗದ ದಾರಿಯಲ್ಲಿ ತೂಗಾಡುತ್ತ ಇಳಿಯುತ್ತಿದ್ದ ಅದಿರಿನ ತೊಟ್ಟಿಗಳೂ ನಿನ್ನ ದಾಯಾದಿಗಳೇ. ಅವುಗಳನ್ನು ನೋಡಿದವರು ಇಂದಿಗೂ ನೆನೆಯುತ್ತಾರೆ. ಆಕಾಶದಲ್ಲಿ ಹೋದವರಿಗೆ ನೆನಪಿನಲ್ಲೂ ಎತ್ತರದ ಜಾಗ!

ನಿನ್ನ ಜಾತಕದಲ್ಲಿ ಒಂದು ಕೆಟ್ಟ ಗ್ರಹವಿತ್ತು, ಅದನ್ನು ಮುಚ್ಚಿಡುವುದಿಲ್ಲ. ಒಲೆಯ ಹಬೆಯಿಂದ ತೆಗೆದ ಮದ್ಯಸಾರ, ಅಸಿಟೇಟು ಮಾರಿದರೆ ಇದ್ದಿಲಿನ ಖರ್ಚು ಗಿಟ್ಟುತ್ತದೆ ಎಂಬುದು ಯೋಜನೆಯ ಬೆನ್ನೆಲುಬು. ಮೊದಲ ಮಹಾಯುದ್ಧದಲ್ಲಿ ಮದ್ದುಗುಂಡಿಗೆ ಅಸಿಟೋನ್ ಬೇಕಾಗಿ ಅಸಿಟೇಟಿಗೆ ಚಿನ್ನದ ಬೆಲೆ ಬಂದಿತ್ತು. ಭದ್ರಾವತಿ ಕೆಲಸ ಶುರು ಮಾಡುವ ಹೊತ್ತಿಗೆ ಯುದ್ಧವೂ ಮುಗಿದಿತ್ತು, ಬೆಲೆಯೂ ಮುಗಿದಿತ್ತು. ಅದೇ 1923ರಲ್ಲಿ ಜರ್ಮನಿಯ ಬಿ.ಎ.ಎಸ್.ಎಫ್. ಕಂಪನಿ ಮರದ ಹಂಗಿಲ್ಲದೆ ಅನಿಲಗಳಿಂದಲೇ ಮೆಥನಾಲ್, ಅಂದರೆ ಅದೇ ಮರದ ಮದ್ಯಸಾರ, ತಯಾರಿಸತೊಡಗಿತು. ಕುಲುಮೆ ಹೊತ್ತಿದ ವರ್ಷವೇ ನಿನ್ನ ಅರ್ಧ ಸಂಪಾದನೆಗೆ ಕೊಡಲಿ ಬಿತ್ತು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರು 1923ರಿಂದ 1929ರ ತನಕ ಕಾರ್ಖಾನೆಯ ಮಂಡಳಿಯ ಅಧ್ಯಕ್ಷರಾಗಿ ನಷ್ಟದೊಡನೆ ಗುದ್ದಾಡಿದರು. ಕಾರ್ಖಾನೆ ಉಳಿಯಿತು, ಮುಂದೆ ಉಕ್ಕೂ ಬಂತು, ಸಿಮೆಂಟೂ ಬಂತು.

ನಿನ್ನ ಹೊರೆ ಇಳಿಸಿದ್ದು ಶರಾವತಿ. ಜೋಗದ ವಿದ್ಯುತ್ತನ್ನು ನಂಬಿ 1952ರಲ್ಲಿ ಬೀಡುಕಬ್ಬಿಣದ ವಿದ್ಯುತ್ ಕುಲುಮೆಗಳು ಬಂದವು. ಕರೆಂಟಿಗೆ ಗಾತ್ರವಿಲ್ಲ, ತೂಕವಿಲ್ಲ, ತಂತಿಯಲ್ಲಿ ಬರುವಾಗ ಪುಡಿಯಾಗುವುದೂ ಇಲ್ಲ. ನಿನ್ನಂಥವರಿಗೆ ಅಲ್ಲಿ ಕೆಲಸ ಕಡಿಮೆಯಾಯಿತು. ಕಾಡಿನ ಟ್ರಾಮ್ ಹಳಿಗಳೂ ಒಂದೊಂದಾಗಿ ಎದ್ದವು. ನಿನ್ನಿಂದಾಗಿ ಬೋಳಾದ ಕಾಡಿನ ಲೆಕ್ಕ ಕೇಳುವವರು ಈಗ ಇದ್ದಾರೆ. ಕೇಳಲಿ, ನ್ಯಾಯವಾದ ಪ್ರಶ್ನೆಯೇ. ಆದರೆ ಕೊಡಲಿಗೂ ಗಾಡಿಗೂ ಬೇರೆ ಬೇರೆ ಕಾಗದ ಬರೆಯಬೇಕು.

ಮನೆಯ ಸುದ್ದಿ. ನಿನ್ನ ಕಾರ್ಖಾನೆಗೆ 1976ರಲ್ಲಿ ವಿಶ್ವೇಶ್ವರಯ್ಯನವರ ಹೆಸರಿಟ್ಟರು, ಆಮೇಲೆ ಅದು ಸೈಲ್ ಸಂಸ್ಥೆಯ ಪಾಲಾಯಿತು. 2023ರ ಜನವರಿಯಲ್ಲಿ, ಸರಿಯಾಗಿ ನೂರು ತುಂಬುವ ತಿಂಗಳಲ್ಲಿ, ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತರು. ಅದೇ ವರ್ಷ ಆಗಸ್ಟಿನಲ್ಲಿ ಕಂಬಿ ತಯಾರಿಸುವ ವಿಭಾಗ ಮತ್ತೆ ಓಡಿತು. ಇನ್ನು ಈರಿ ಸರೋವರದ ಆ ದೈತ್ಯನ ವಂಶದವರನ್ನು ನಮ್ಮ ರಾಜ್ಯದಲ್ಲೇ ನೋಡಬಹುದು. ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ವ್ಯಾಗನ್ ಟಿಪ್ಲರ್ ಇದೆ. ಸುಮಾರು 58 ಟನ್ ಕಲ್ಲಿದ್ದಲು ತುಂಬಿದ ರೈಲ್ವೆ ವ್ಯಾಗನನ್ನು ತಬ್ಬಿ ಹಿಡಿದು ಬೋರಲು ಹಾಕುತ್ತದೆ. ಅಲ್ಲಿ ಪುಡಿಯಾದರೆ ಚಿಂತೆಯಿಲ್ಲ; ಹೇಗಿದ್ದರೂ ಉರಿಸುವ ಮೊದಲು ಗಿರಣಿಯಲ್ಲಿ ಹಿಟ್ಟು ಮಾಡುತ್ತಾರೆ.

ನಿನ್ನ ಕಸುಬು ಪೂರ್ತಿ ಸತ್ತಿಲ್ಲ ಎಂದರೆ ನಂಬುವೆಯೋ ಇಲ್ಲವೋ. ಬ್ರೆಜಿಲ್ ದೇಶದ ಮಿನಾಸ್ ಜೆರೈಸ್ ಸೀಮೆಯಲ್ಲಿ ಇಂದಿಗೂ ನೀಲಗಿರಿ ಮರ ಬೆಳೆಸಿ, ಇದ್ದಿಲು ಸುಟ್ಟು, ಊದುಕುಲುಮೆಯಲ್ಲಿ ಕಬ್ಬಿಣ ತೆಗೆಯುತ್ತಾರೆ. ಅಲ್ಲಿಯೂ ಸಾಗಿಸುವಾಗ ಇದ್ದಿಲು ಪುಡಿಯಾಗುತ್ತದೆ, ಜರಡಿ ಹಿಡಿದರೆ ರಾಶಿ ಬೀಳುತ್ತದೆ. ಹಲವು ಕಡೆ ಆ ಪುಡಿಯನ್ನು ಈಗ ಎಸೆಯುವುದಿಲ್ಲ. ಬಿಸಿಗಾಳಿ ಊದುವ ಬಾಯಿಯಲ್ಲೇ ಪುಡಿಯನ್ನೂ ಸೇರಿಸಿ ಕುಲುಮೆಯ ಬುಡಕ್ಕೆ ಊದಿಬಿಡುತ್ತಾರೆ, ಅದೂ ಉರಿದು ಕಬ್ಬಿಣಕ್ಕೆ ನೆರವಾಗುತ್ತದೆ.

ಇಂತಿ,
ಕೋಟೆಯ ಒಬ್ಬ