ಕುರು ಎದ್ದರೆ ಜೇಡವನ್ನು ದೂರಬೇಡಿ

ಡಲ್ಲಾಸ್, ಹೂಸ್ಟನ್, ಆಸ್ಟಿನ್, ಎಲ್ಲಿಯ ಕನ್ನಡ ಕೂಟಕ್ಕೆ ಹೋದರೂ ಊಟದ ಸಾಲಿನಲ್ಲಿ ಯಾರಾದರೊಬ್ಬರು ನನಗೆ ಕುರು ತೋರಿಸುತ್ತಾರೆ. "ಜೇಡ ಕಚ್ಚಿರಬೇಕು ಡಾಕ್ಟ್ರೇ" ಎನ್ನುತ್ತಾರೆ. ಊರಿಂದ ಬಂದ ಅಜ್ಜಿಯದು "ಮಾವಿನಹಣ್ಣಿನ ಉಷ್ಣ" ಎಂಬ ತೀರ್ಪು. ಟೆಕ್ಸಾಸ್‌ನಲ್ಲಿ ವಿಷದ ಕಂದು ಜೇಡ ಇರುವುದು ನಿಜ. ಅದು ಕಚ್ಚಿದ್ದನ್ನು ಕಣ್ಣಾರೆ ಕಂಡವರು ಮಾತ್ರ ಅಪರೂಪ.

ಕೀವು ತುಂಬಿ ನೋಯುವ ಕುರುವಿಗೆ ಸಾಮಾನ್ಯ ಕಾರಣ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ. ಹೂಸ್ಟನ್ನಿನ ಟೆಕ್ಸಾಸ್ ಚಿಲ್ಡ್ರನ್ಸ್ ಹಾಸ್ಪಿಟಲ್‌ನಲ್ಲಿ 2001ರಿಂದ 2004ರವರೆಗೆ ಲೆಕ್ಕ ಹಾಕಿದಾಗ, ಆಸ್ಪತ್ರೆಯ ಹೊರಗೆ ಮಕ್ಕಳಿಗೆ ತಗುಲಿದ ಇಂಥ ಸೋಂಕುಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಎಂ.ಆರ್.ಎಸ್.ಎ. ತಳಿಯವು. ಅದು ಪೆನಿಸಿಲಿನ್ ಜಾತಿಯ ಮಾತ್ರೆಗಳಿಗೆ ಜಗ್ಗುವುದಿಲ್ಲ. ಆದ್ದರಿಂದ ಊರಿಂದ ತಂದಿಟ್ಟ ಅಮಾಕ್ಸಿಸಿಲಿನ್ ನುಂಗಬೇಡಿ, ಕುರು ಹಿಸುಕಬೇಡಿ. ಬಿಸಿನೀರಿನ ಶಾಖ ಕೊಡಿ. ದೊಡ್ಡದಾದರೆ ಡಾಕ್ಟರೇ ಕೊಯ್ದು ಕೀವನ್ನು ಪರೀಕ್ಷೆಗೆ ಕಳಿಸಲಿ. ಮನೆಯಲ್ಲಿ ಟವೆಲ್, ರೇಜರ್ ಹಂಚಿಕೊಳ್ಳಬೇಡಿ.

ಕಂಕುಳು, ತೊಡೆಸಂದಿನಲ್ಲೇ ಮರಳಿ ಮರಳಿ ಬಂದರೆ ಅದು ಬೇರೆಯದೇ ಚರ್ಮರೋಗವಿರಬಹುದು. ಮುಖದ ಮೇಲೆ ಎದ್ದರೆ, ಜ್ವರ ಬಂದರೆ, ಕೆಂಪು ಹರಡಿದರೆ ಅಂದೇ ತೋರಿಸಿ.

ಕೊನೆಗೊಂದು ಮಾತು. ಪದೇ ಪದೇ ಕುರು ಏಳುತ್ತಿದ್ದರೆ ರಕ್ತದ ಸಕ್ಕರೆ ನೋಡಿಸಿ. ನಮ್ಮವರಲ್ಲಿ ಎಷ್ಟೋ ಜನರಿಗೆ ಡಯಾಬಿಟಿಸ್ ಇರುವ ಸುದ್ದಿಯನ್ನು ಮೊದಲು ತಿಳಿಸುವುದು ಇಂಥದೊಂದು ಕುರುವೇ.