ಮುಗಿಲಲ್ಲಿ ಏಳೂಮುಕ್ಕಾಲು ಗುಂಟೆ

ಕಾರವಾರದ ಪಕ್ಕದ ನಮ್ಮ ಬಿಣಗಾದಲ್ಲಿ ಹಳಬರು ಮನೆಯನ್ನು ಚದರಡಿಯಲ್ಲಿ ಅಳೆಯುವುದಿಲ್ಲ. ಹಿತ್ತಲು ಎಷ್ಟು ಗುಂಟೆ, ತೆಂಗಿನ ಮರ ಎಷ್ಟು, ಮೇ ತಿಂಗಳಲ್ಲಿ ಬಾವಿ ನೀರು ಉಪ್ಪಾಗುತ್ತದೋ ಇಲ್ಲವೋ, ಇಷ್ಟು ಕೇಳಿದರೆ ಆಯಿತು. ಹಾಗಾಗಿ ತಂಗಿಯ ಮಗ ಫೋನು ಮಾಡಿ, "ಮಾವ, ಬೆಂಗಳೂರಲ್ಲಿ ಒಂದು ಫ್ಲ್ಯಾಟ್ ನೋಡಿಟ್ಟಿದ್ದೇನೆ, ನೀನೂ ಬಂದು ಹೋಗು" ಎಂದಾಗ, ಹಿತ್ತಲೇ ಇಲ್ಲದ ಮನೆಯಲ್ಲಿ ನೋಡುವುದಾದರೂ ಏನನ್ನು ಎಂಬ ಕುತೂಹಲಕ್ಕೇ ಶಿರವಾಡದಲ್ಲಿ ಪಂಚಗಂಗಾ ರೈಲು ಹತ್ತಿದೆ. ನಿದ್ದೆಯಲ್ಲೇ ಘಟ್ಟ ದಾಟಿತು.

ಫ್ಲ್ಯಾಟಿನವರು ಹೇಳಿದ ಹೊತ್ತಿಗೆ ಇನ್ನೂ ಸಮಯವಿತ್ತು. "ಮೊದಲು ನಿನಗೊಂದು ತಮಾಷೆ ತೋರಿಸ್ತೇನೆ" ಎಂದು ಅಳಿಯ ಕಬ್ಬನ್ ಪಾರ್ಕಿನಲ್ಲಿ ಮೆಟ್ರೊ ಇಳಿಸಿ ವಿಠ್ಠಲ ಮಲ್ಯ ರಸ್ತೆಗೆ ಕರೆದೊಯ್ದ. ಅಲ್ಲಿದೆ ಕಿಂಗ್‌ಫಿಷರ್ ಟವರ್ಸ್. 34 ಅಂತಸ್ತು, 81 ಮನೆ. ಬಂಟ್ವಾಳ ಮೂಲದ ಮಲ್ಯ ಕುಟುಂಬದ ಹಳೇ ಬಂಗಲೆಯಿದ್ದ ಸುಮಾರು ನಾಲ್ಕೂವರೆ ಎಕರೆಯಲ್ಲಿ ಎದ್ದು ನಿಂತದ್ದು. ನಾನು ಫುಟ್‌ಪಾತಿನಲ್ಲಿ ನಿಂತು ಮಹಡಿ ಎಣಿಸತೊಡಗಿದೆ. ಹದಿನೆಂಟರ ಹತ್ತಿರ ಲೆಕ್ಕ ತಪ್ಪಿತು, ಮತ್ತೆ ಕೆಳಗಿನಿಂದ ಶುರು ಮಾಡಿದೆ. "ಸಾಕು ಮಾವ, ಕುತ್ತಿಗೆ ಉಳುಕೀತು" ಎಂದ ಅಳಿಯ. ಕಾವಲುಗಾರ ನಮ್ಮನ್ನು ನೋಡಿ ನಕ್ಕ. ದಿನಕ್ಕೆ ನನ್ನಂಥವರನ್ನು ಎಷ್ಟು ಜನ ನೋಡುತ್ತಾನೋ.

ಎಲ್ಲಕ್ಕಿಂತ ಮೇಲೆ, ಎರಡು ಅಂತಸ್ತಿನಲ್ಲಿ, ವಿಜಯ ಮಲ್ಯ ತನಗೆಂದೇ ಕಟ್ಟಿಸಿಕೊಂಡ ಬಿಳಿ ಅರಮನೆಯಿದೆ. ವಿಸ್ತಾರ ಸುಮಾರು 40,000 ಚದರಡಿ. ಗುಂಟೆಗೆ 1,089 ಚದರಡಿಯಂತೆ ನಾನು ಬಾಯಲ್ಲೇ ಲೆಕ್ಕ ಹಾಕಿದೆ: ಎಕರೆಗೆ ಮೂರೇ ಗುಂಟೆ ಕಮ್ಮಿ! ಊರಲ್ಲಾದರೆ ಅಷ್ಟರಲ್ಲಿ ಒಂದು ತೋಟ, ಒಂದು ಗದ್ದೆ, ದಾಯಾದಿಗಳ ಎರಡು ತಕರಾರು ಆರಾಮಾಗಿ ಹಿಡಿಸುತ್ತವೆ. 2016ರ ಮಾರ್ಚಿನಲ್ಲಿ ಮಾಲೀಕ ದೇಶ ಬಿಟ್ಟು ಹೋದ.

ಕೆಳಗಿನ ಮನೆಗಳಾದರೂ ಸಣ್ಣವಲ್ಲ. 2024ರ ಡಿಸೆಂಬರಿನಲ್ಲಿ ಇಲ್ಲಿಯ 16ನೇ ಮಹಡಿಯ ಮನೆಯೊಂದು 50 ಕೋಟಿಗೆ ಕೈಬದಲಾದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಸುಮಾರು 8,400 ಚದರಡಿ, ಐದು ಕಾರು ನಿಲ್ಲಿಸುವ ಜಾಗ. ಅಂದರೆ ಏಳೂಮುಕ್ಕಾಲು ಗುಂಟೆಗೆ ಚೂರು ಕಮ್ಮಿ. ಗುಂಟೆಗೆ ಹತ್ತಿರ ಹತ್ತಿರ ಆರೂವರೆ ಕೋಟಿ. ಅದೂ ಮಣ್ಣು ತಾಗದ ಗುಂಟೆ. ಬುಡದ ನಾಲ್ಕೂವರೆ ಎಕರೆಯನ್ನು 81 ಮನೆಗೆ ಸಮನಾಗಿ ಹಂಚಿದರೆ ತಲೆಗೆ ಎರಡು ಗುಂಟೆ ಚಿಲ್ಲರೆ ಬಂದೀತು. ಉಳಿದದ್ದೆಲ್ಲ ಗಾಳಿ. ಗಾಳಿಯನ್ನೂ ಪಾಲು ಹಾಕಿ, ನೋಂದಣಿ ಮಾಡಿಸಿ, ಸಾಲ ಎತ್ತಿ ಕೊಳ್ಳಬಹುದೆಂಬುದು ನನಗೆ ಈಗಲೂ ಪವಾಡದ ಹಾಗೇ ಕಾಣುತ್ತದೆ.

ಅಳಿಯನ ಫ್ಲ್ಯಾಟು ಈ ಎತ್ತರದ್ದಲ್ಲ. ಮಲ್ಲೇಶ್ವರದ ಕಡೆ, ಇನ್ನೂ ಕಟ್ಟುತ್ತಿರುವ ಒಂದು ಕಟ್ಟಡ. ತೋರಿಸಲಿಕ್ಕೆಂದೇ ಕೆಳಗೊಂದು ಮಾದರಿ ಮನೆ ಮಾಡಿಟ್ಟಿದ್ದರು. ಚಪ್ಪಲಿಯ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ತೊಡಿಸಿ ಒಳಗೆ ಬಿಟ್ಟರು. ಎಂಥ ಮನೆ! ಊಟದ ಮೇಜಿನ ಮೇಲೆ ಆರು ತಟ್ಟೆ, ತಟ್ಟೆಯಲ್ಲಿ ಮಡಚಿದ ಬಟ್ಟೆ, ನಡುವೆ ಬುಟ್ಟಿಯಲ್ಲಿ ಮಾವಿನಹಣ್ಣು. ಒತ್ತಿ ನೋಡಿದೆ, ಪ್ಲಾಸ್ಟಿಕ್ಕು. ಕಪಾಟಿನಲ್ಲಿ ಸಾಲಾಗಿ ಪುಸ್ತಕ. ಒಂದನ್ನು ಎಳೆದರೆ ಬರೀ ರಟ್ಟು, ಒಳಗೆ ಹಾಳೆಯೇ ಇಲ್ಲ. ನಲ್ಲಿ ಚಿನ್ನದ ಬಣ್ಣದ್ದು, ತಿರುಗಿಸಿದರೆ ನೀರಿಲ್ಲ. ಬಾಗಿಲ ಚೌಕಟ್ಟುಗಳಿವೆ, ಬಾಗಿಲಿಲ್ಲ. ಬಾಗಿಲು ತೆಗೆದಿಟ್ಟರೆ ಕೋಣೆ ದೊಡ್ಡದಾಗಿ ಕಾಣುತ್ತದೆಂದು ಅಳಿಯ ಕಿವಿಯಲ್ಲಿ ಹೇಳಿದ. ಈ ಜಾಣತನಕ್ಕೂ ನಾನು ತಲೆದೂಗಿದೆ.

ನನ್ನನ್ನು ನಿಜಕ್ಕೂ ಬೆರಗುಗೊಳಿಸಿದ್ದು ಅಡುಗೆಮನೆ. ಒಂದಲ್ಲ, ಎರಡು! ಮುಂದಿನದು ಶೋಭೆಗೆ, ಕಾಫಿ ಬೆರೆಸಲಿಕ್ಕೆ. ಹಿಂದಿನದು, ಗಾಜಿನ ತಡಿಕೆಯ ಆಚೆ, ಒಗ್ಗರಣೆ ಹಾಕುವ ನಿಜವಾದ ಅಡುಗೆಗೆ. "ಹೆವಿ ಕುಕಿಂಗ್ ಎಲ್ಲಾ ಇಲ್ಲಿ ಸರ್, ವಾಸನೆ ಹಾಲ್‌ಗೆ ಬರಲ್ಲ" ಎಂದಳು ಮನೆ ತೋರಿಸುವ ಹುಡುಗಿ. ಬಂಗಡೆ ಹುರಿದರೂ ಬರುವುದಿಲ್ಲವೇ ಎಂದೆ. ಕ್ಷಣ ತಡೆದು, "ಚಿಮಣಿ ತುಂಬಾ ಪವರ್‌ಫುಲ್ ಸರ್" ಎಂದಳು. ಅದರ ಪಕ್ಕ ಕೆಲಸದವಳ ಕೋಣೆ. ಮಂಚ ಹಾಕಿದರೆ ನಿಲ್ಲಲು ಜಾಗವಿಲ್ಲ. ಅವಳು ಓಡಾಡಲು ಲಿಫ್ಟೂ ಬೇರೆಯಂತೆ. ಅಲ್ಲಿ ಮಾತ್ರ ಪ್ಲಾಸ್ಟಿಕ್ ಹಣ್ಣು ಇಟ್ಟಿರಲಿಲ್ಲ.

ಆಮೇಲೆ ದರದ ಪಟ್ಟಿ ಬಂತು. ಮಹಡಿ ಏರಿದಂತೆ ಚದರಡಿಗೆ ಇಷ್ಟು ಹೆಚ್ಚು. ಮರಗಳ ಕಡೆ ಮುಖವಿದ್ದರೆ ಇನ್ನಷ್ಟು, ಅದಕ್ಕೆ ಪಿ.ಎಲ್.ಸಿ. ಎನ್ನುತ್ತಾರೆ. ಕಿಟಕಿಯಿಂದ ಕಾಣುವುದಕ್ಕೆ ದುಡ್ಡು! 1883ರಲ್ಲಿ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದುಳಿದ ಇಪ್ಪತ್ತೆರಡರ ರವೀಂದ್ರನಾಥ ಠಾಕೂರರು ನಮ್ಮ ಕಡಲನ್ನು ಬಿಟ್ಟಿಯಾಗಿಯೇ ನೋಡಿ, ನಾಟಕವನ್ನೂ ಬರೆದು ಹೋದರು. ನಮಗೂ ಅಂಜದೀವ್ ದ್ವೀಪ ಬಿಟ್ಟಿಯಾಗಿಯೇ ಕಾಣುತ್ತಿತ್ತು. 1986ರಲ್ಲಿ ಪಕ್ಕದ ಅರ್ಗಾದಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿದ್ದಿತು, ಊರೂರೇ ಎದ್ದು ಪುನರ್ವಸತಿ ಕಾಲನಿಗಳಿಗೆ ಹೋಯಿತು. ಹಾಗೆ ಹೋದವರಿಗೆ ಮನೆ, ಮರಗಳ ಪರಿಹಾರ ಬಂತು. ಅಂಗಳದಿಂದ ಕಾಣುತ್ತಿದ್ದ ಕಡಲಿಗೆ ಯಾವ ಕಾಲಮ್ಮೂ ಇರಲಿಲ್ಲ. ಬೆಂಗಳೂರಿನ ಈ ಪಟ್ಟಿಯಲ್ಲಿ ಆ ಕಾಲಮ್ಮು ಅಚ್ಚುಕಟ್ಟಾಗಿ ಇದೆ, ಜಿ.ಎಸ್.ಟಿ. ಸಮೇತ.

ಹಾರ್ಡ್ ಹ್ಯಾಟ್ ಹಾಕಿಸಿ, ತಂತಿಬಲೆಯ ಲಿಫ್ಟಿನಲ್ಲಿ ನಮ್ಮನ್ನು ಮೇಲಕ್ಕೂ ಒಯ್ದರು. ಗೋಡೆಯಿಲ್ಲದ ಸಿಮೆಂಟಿನ ಹಾಸು, ಅಂಚಿಗೆ ಹಸಿರು ಬಲೆ, ಬಲೆಯ ಆಚೆ ಮಲ್ಲೇಶ್ವರದ ಮರಗಳ ತಲೆ. ಮರವನ್ನು ಮೇಲಿನಿಂದ ನೋಡುವ ಭಾಗ್ಯ ನಮ್ಮಲ್ಲಿ ಕಾಯಿ ಕೀಳುವವರಿಗೆ ಮಾತ್ರ. ಗಾಳಿ ಬೀಸುತ್ತಿತ್ತು, ಒಂದು ಹದ್ದು ನಮಗಿಂತ ಕೆಳಗೆ ಹಾರಿಹೋಯಿತು. ನಾನು ಕಂಬ ಹಿಡಿದುಕೊಂಡೇ ಎಲ್ಲವನ್ನೂ ನೋಡಿದೆ.

"ಸರ್ ಯಾವ ಊರು?" ಎಂದಳು ಹುಡುಗಿ. ಬಿಣಗಾ, ಕಾರವಾರದ ಹತ್ತಿರ ಎಂದೆ. ಅವಳ ಮುಖ ಅರಳಿತು. "ಬೀಚ್ ಹತ್ರಾನಾ? ಸೀ ಫೇಸಿಂಗ್ ಸೈಟ್ ಸಿಗುತ್ತಾ ಸರ್ ಅಲ್ಲಿ?"

ಒಂದು ಬದಿಗೆ ನೌಕಾಪಡೆ, ಇನ್ನೊಂದು ಬದಿಗೆ ಗುಡ್ಡ, ನಡುವೆ ಹೆದ್ದಾರಿ ಮತ್ತು ಕಾಸ್ಟಿಕ್ ಸೋಡಾ ಕಾರ್ಖಾನೆ, ಉಳಿದ ಚೂರಿನಲ್ಲಿ ನಾವು ಎಂದು ವಿವರಿಸಿದೆ. ಅವಳು ಬೇಸರಿಸಿಕೊಳ್ಳಲಿಲ್ಲ.

"ಪರವಾಗಿಲ್ಲ ಸರ್, ನಂಬರ್ ಕೊಟ್ಟಿರಿ. ಯಾರಾದ್ರೂ ಮಾರೋರಿದ್ರೆ ಹೇಳಿ."

ಅಳಿಯ ಆಗಲೇ ಕೆಳಗಿಳಿಯುವ ಲಿಫ್ಟಿನೊಳಗೆ ಹೋಗಿ ನಿಂತಿದ್ದ.